ಬುತ್ತಿಗಿ ಜಾಕೀಟು, ಕಾಕಾಗ ಬರೇ ಅಂಗಿ

ಬಾಗಲಕೋಟಿ ಹಿನ್ನೀರಿನ ಮೀನು ಇಷ್ಟ್ಯಾಕ ದಪ್ಪ ಅದಾವ ಅಂತ ಯಾರಿಗರೆ ಸಂಶಯ ಬಂದ್ರ ಸೀದಾ ನಮ್ಮನಿಗಿ ಬರ್ರಿ. ಕಾರಣ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡಿಯಾಕ ಹತ್ತಿರತೈತಿ. ಅದ ನಮ್ಮ ಕಾಕಾ!

ನಮ್ಮಪ್ಪನ ತಮ್ಮ. ಸಾಲಿ ಮಾಸ್ತರಕಿ ಮಾಡಿ ರಿಟೈರ್ ಆದಾವ. ಕಾಕಿ ತೀರಿಕೊಂಡ ಮ್ಯಾಲ ನವನಗರದಾಗ ನನ್ನ ಮನಿಯಾಗ ಇರ್ತಾನ. ಕೊರಳಾಗ ಲಿಂಗ, ಹಣಿ ತುಂಬ ವಿಭೂತಿ, ಕೈಯಾಗ ಗಾಳದ ಕೋಲು! ತತ್ತಿ ಅಂದ್ರ ಮೂಗು ಮುಚ್ಚಿಕೊಳ್ಳೂ ಮನಿತನ ನಮ್ದು. ಅದಕ್ಕ ಕಾಕಾ ಒಂದು ಉಪಾಯ ಹುಡುಕ್ಯಾನ. ಅವನ ಗಾಳಕ್ಕ ಕೊಕ್ಕೀನ ಇಲ್ಲ. ಜೋಳದ ಹಿಟ್ಟಿನ ಉಂಡಿ ದಾರಕ್ಕ ಹಚ್ಚಿ ನೀರಾಗ ಬಿಡ್ತಾನ. ಮೀನು ಎಳೀತೈತಿ, ಇವ "ಬಂತು ಬಂತು!" ಅಂತ ಒದರ್ತಾನ, ಮೀನು ಹಿಟ್ಟು ತಿಂದು ತನ್ನ ಹಾದಿ ಹಿಡೀತೈತಿ.

"ಹಿಡದಂಗೂ ಆತು, ಕೊಲ್ಲದಂಗೂ ಆತು" ಅಂತಾನ. ಇದಕ್ಕೇನಂತೀರಿ?

ಮೊದಲ ಮೀನ ಹಿಡಿಯಾವ್ರ ಜೋಡಿನ ಹೋಗ್ತಿದ್ದ. ಒಂದಿನ ಅವರು ಕೈ ಮುಗದು ಬಿಟ್ರು. "ಮಾಸ್ತರ್ರ, ನೀವು ಮುಂಜಾನೆದ್ದು ಮೀನಿಗೆಲ್ಲ ಹೊಟ್ಟಿ ತುಂಬ ಉಣಿಸಿ ಬಿಡ್ತೀರಿ. ಆಮ್ಯಾಲ ಅವು ನಮ್ಮ ಗಾಳದ ಕಡೆ ಹೊಳ್ಳಿ ಸೈತ ನೋಡೂದಿಲ್ಲ. ನೀವು ಬ್ಯಾರೆ ಕಡೆ ಹೋಗ್ರಿ." ಹಂಗ ಹೇಳಿದ್ದ ತಡ, ಕಾಕಾ ತನ್ನದ ಒಂದು ಸಣ್ಣ ತೆಪ್ಪ ತೊಗೊಂಡ. ಯಾರೂ ಇಲ್ಲದ ಕಡೆ ಒಬ್ಬನ ಹೋಗಾಕ ಸುರು ಮಾಡಿದ.

ನನ್ನ ಸಿಟ್ಟು ಸುರುವಾದದ್ದೂ ಅಲ್ಲಿಂದನ. ಅಲ್ರಿ, ಈ ವಯಸ್ಸಿನಾಗ, ಅಷ್ಟು ದೊಡ್ಡ ನೀರಾಗ, ಒಬ್ಬನ! ಕೇಳಿದ್ರ "ನನಗ ಈಜು ಬರ್ತೈತಿ" ಅಂತಾನ. ಯಾವ ಈಜು? ಚಡ್ಡಿ ಹಾಕ್ಕೊಳ್ಳೂ ವಯಸ್ಸಿನಾಗ ಬೇವೂರಿನ ಬಾವ್ಯಾಗ ಕಲ್ತದ್ದು! ಬಾವ್ಯಾಗ ನಾಕು ಕೈ ಹೊಡದ್ರ ಪಾವಟಿಗಿ ಸಿಗ್ತಾವ. ಹಿನ್ನೀರಿನಾಗ ಪಾವಟಿಗಿ ಯಾರು ಕಟ್ಟ್ಯಾರ?

"ಫೋನರೆ ಒಯ್ಯಿ ಕಾಕಾ" ಅಂದೆ.

"ಬ್ಯಾಡಬೇ, ನೀರಾಗ ಬಿದ್ರ ಕೆಡ್ತೈತಿ."

"ನೀ ಬಿದ್ರ?"

"ನಾ ಬಿಸಲಾಗ ಕುಂತ್ರ ಆರ್ತೇನಿ. ಫೋನ್ ಆರೂದಿಲ್ಲ."

ಯಾವ ಕಡೆ ಹೋಗ್ತಿ ಅಂದ್ರ ಮೀನು ಕರದ ಕಡೆ. ಯಾವಾಗ ಬರ್ತಿ ಅಂದ್ರ ಹಿಟ್ಟು ತೀರಿದಾಗ. ಏನರೆ ಅಪಾಯ ಬಂದ್ರ ಏನು ಮಾಡ್ತಿ ಅಂತ ಕೇಳಿದ್ರ ಕಿಸೆದಾಗಿಂದ ಅಮೀನಗಡದ ಕರದಂಟಿನ ಪಾಕೀಟು ತೆಗದು ತೋರಿಸಿದ! ಶಕ್ತಿ ಬರ್ತೈತಂತ! ಮುಳುಗಾವ್ಗ ಕರದಂಟು ಏನು ಮಾಡ್ತೈತ್ರಿ?

ಕಡೀಕ ನಾನ ಪ್ಯಾಟಿ ಎಲ್ಲಾ ತಿರುಗಿ ತೇಲೂ ಜಾಕೀಟು ಹುಡುಕಿ ತಂದೆ. ಕೇಸರಿ ಬಣ್ಣದ್ದು, ಎದಿಗಿ ಪಟ್ಟಿ ಇದ್ದದ್ದು. ಕಾಕಾ ಭಾಳ ಖುಷಿಯಿಂದ ತೊಗೊಂಡ. ನನಗ ಅಲ್ಲೇ ಸಂಶಯ ಬಂತು. ಮರುದಿನ ಸ್ಕೂಟಿ ಹತ್ತಿ ಬೆನ್ನ ಹತ್ತಿದೆ. ನೋಡ್ತೇನಿ, ತೆಪ್ಪದಾಗ ಕಾಕಾ ಬರೇ ಅಂಗಿ ಮ್ಯಾಲ ಕುಂತಾನ, ಎದುರಿಗಿ ನಾ ಕಟ್ಟಿಕೊಟ್ಟ ಬುತ್ತಿ ಡಬ್ಬಿ ಜಾಕೀಟು ತೊಟ್ಟು, ಪಟ್ಟಿ ಬಿಗದು ಕುಂತೈತಿ!

"ಏ ಕಾಕಾ! ಏನಿದು?" ದಂಡಿ ಮ್ಯಾಲಿಂದ ಚೀರಿದೆ.

"ರೊಟ್ಟಿಗಿ ಈಜು ಬರೂದಿಲ್ಲಬೇ ಯವ್ವಾ!"

ಅರಬಿ ಒಗಿಯಾಕ ಬಂದವ್ರೆಲ್ಲ ಬಿದ್ದು ಬಿದ್ದು ನಕ್ರು. ನನ್ನ ಮೈಯೆಲ್ಲ ಉರದು ಹೋತು. ಮನಿಗಿ ಬಂದು ಎಷ್ಟು ಬೈದೆ, ಎಷ್ಟು ಕೂಗ್ಯಾಡಿದೆ! ಕಾಕಾ ಕಿವ್ಯಾಗ ಹಾಕ್ಕೊಳ್ಳಲಿಲ್ಲ.

ಆಮ್ಯಾಲ ಒಂದಿನ ಮಧ್ಯಾಹ್ನ ಇದ್ದಕ್ಕಿದ್ದಂಗ ಗಾಳಿ ಎದ್ದಿತು. ಧೂಳಿಗಿ ಎದುರಿಗಿನ ಮನಿ ಕಾಣವಲ್ದು. ಓಡಿ ದಂಡಿಗಿ ಹೋದೆ. ನೀರಿನ ಮ್ಯಾಲ ತೆಪ್ಪ ಇಲ್ಲ, ಕಾಕಾ ಇಲ್ಲ. ಗಾಬರ್‍ಯಾಗ ಅವಂಗ ಫೋನ್ ಹಚ್ಚಿದೆ. ರಿಂಗ್ ಆತು, ನನ್ನ ಕೈಯಾಗಿನ ಪಿಶಿವ್ಯಾಗನ! ಅವ ಮನ್ಯಾಗ ಬಿಟ್ಟು ಹೋದ ಫೋನು ಕೊಡಾಕ ಅಂತ ನಾನ ಹಾಕ್ಕೊಂಡು ಬಂದಿದ್ದೆ. ಅಷ್ಟರಾಗ ಒಬ್ಬ ಮೀನ ಹಿಡಿಯಾವ ಒಂದು ತೆಪ್ಪ ಎಳಕೊಂಡು ಬಂದ. ನಮ್ದ. ಬೋರಲ ಬಿದ್ದಿತ್ತು. ಅಲ್ಲೇ ಕುಂತುಬಿಟ್ಟೆ. ಅಪ್ಪ ಹೋದ ಮ್ಯಾಲ ನನಗ ಅಪ್ಪ ಅಂತ ಉಳದಾವ ಇವ ಒಬ್ಬನ ಇದ್ದ.

ಗಾಳಿ ನಿಂತ ಮ್ಯಾಲ ಇನ್ನೊಂದು ತೆಪ್ಪ ಬಂತು. ಅದರಾಗ ತೊಯ್ದು ತಪ್ಪಡಿ ಆದ ಕಾಕಾ! ನೀರಾಗ ನಿಂತ ಜಾಲಿಗಿಡದ ಹಂತ್ಯಾಕ ಸಿಕ್ಕನಂತ. ಏನು ಹಿಡಕೊಂಡು ತೇಲಾಕ ಹತ್ತಿದ್ದ ಅಂತೀರಿ? ಜಾಕೀಟು ತೊಟ್ಟ ಬುತ್ತಿ ಡಬ್ಬಿ! ಇನ್ನೂ ಎದಿಗಿ ಅವಚಿಕೊಂಡಿದ್ದ. ದಂಡಿಗಿ ಇಳದಾವನ ಡಬ್ಬಿ ತೆಗದು ನನ್ನ ಮುಂದ ಹಿಡದ.

"ನೋಡಬೇ, ಒಂದು ರೊಟ್ಟೀನೂ ತೊಯ್ದಿಲ್ಲ!"

ಅಳಬೇಕೋ, ಬಡೀಬೇಕೋ? ಅಳಕೋತ ಬೈದೆ. ಬಾಯಿಗಿ ಬಂದದ್ದೆಲ್ಲ ಬೈದೆ. ಕಡೀಕ ಹೇಳಿದೆ, "ಇನ್ನ ಮ್ಯಾಲ ಒಬ್ಬನ ಹೋಗೂದು ಬಂದ್. ಹೋಗಾವಿದ್ರ ನಾನೂ ಬರ್ತೇನಿ." ಸಿಟ್ಟಿನಾಗ ಅಂದುಬಿಟ್ಟೆ ಖರೆ, ನಾನೋ ಮಳಿಗಾಲದಾಗ ಓಣಿ ನೀರು ದಾಟಾಕೂ ಅಂಜಾಕಿ!

ಆ ಐತ್ವಾರ ಹೋದ್ವಿ. ಇನ್ನೊಂದು ಜಾಕೀಟು ತಂದಿದ್ದೆ. ಕಾಕಾ ತಾನ ನನಗ ತೊಡಿಸಿದ. ಪಟ್ಟಿ ಬಿಗದ, ಎಳದು ನೋಡಿದ, ಸಾಲದಕ್ಕ ಇಳಕಲ್ ಸೀರಿ ಸೆರಗು ಸುತ್ತಿ ನನ್ನ ಸೊಂಟಕ್ಕ ಸಿಗಿಸಿದ. ನಾ ಜಗಳಕ್ಕ ತಯಾರಾಗಿ ಕುಂತಿದ್ದೆ. ಇವ ಮತ್ತ ಬುತ್ತಿಗಿ ತೊಡಸ್ತಾನ ಅಂತ ಗೊತ್ತಿತ್ತಲ್ಲ! ಆದ್ರ ಕಾಕಾ ಡಬ್ಬಿ ಮ್ಯಾಲಿನ ಜಾಕೀಟು ಬಿಚ್ಚಿದ, ಸುಮ್ಮನ ತಾ ತೊಟ್ಟ. ನನ್ನಕಿಂತ ಬಿಗಿ ಕಟ್ಟಿಕೊಂಡ.

ನನಗ ಮತ್ತ ಸಿಟ್ಟು ಬಂತು. "ಇಷ್ಟು ದಿನ ಬಡಕೊಂಡೆ, ಕೇಳಲಿಲ್ಲ. ಈಗ ಎಲ್ಲಿಂದ ಬಂತು ಬುದ್ಧಿ?"

ಕಾಕಾ ಹುಟ್ಟು ಹಾಕಿದ. ನನ್ನ ಕಡೆ ನೋಡಲಿಲ್ಲ.

"ಅವಾಗ ನಾ ಒಬ್ಬನ ಇದ್ದೆ. ಹೋಗಿದ್ರ ಒಂದು ಜೀವ. ಈಗ ನಾ ಮುಳುಗಿದ್ರ ನಿನ್ನ ದಂಡಿಗಿ ಹಚ್ಚಾವ್ರು ಯಾರಬೇ?"

ರೊಟ್ಟಿ ಡಬ್ಬಿ ನಮ್ಮಿಬ್ಬರ ನಡುವ ಇತ್ತು, ಬರೇ ಮೈಲೆ. ನಾ ಅದನ್ನ ತೊಡಿ ಮ್ಯಾಲ ಎತ್ತಿಕೊಂಡು ಗಟ್ಟಿ ಹಿಡಕೊಂಡೆ.