ಹಲ್ಲಿಗೊಂದು ಗಡುವು

ಹೆತ್ತ ಮಗಳಿಗೆ ಹಲ್ಲುನೋವು ಬರಲಪ್ಪಾ ಎಂದು ದೇವರ ಮುಂದೆ ಕೈಮುಗಿದು ನಿಂತ ತಂದೆಯನ್ನು ನೀವು ಬೇರೆಲ್ಲೂ ಕಂಡಿರಲಾರಿರಿ. ಆ ಮಹಾನುಭಾವ ನಾನೇ. ತೀರಾ ಕಟುಕನೆಂದು ತಿಳಿಯಬೇಡಿ, ಜೋರಾದ ನೋವನ್ನೇನೂ ನಾನು ಕೇಳಿರಲಿಲ್ಲ. ತಣ್ಣೀರು ಕುಡಿದರೆ ಸ್ವಲ್ಪ ಜುಮ್ಮೆನ್ನುವಷ್ಟು, ಡಾಕ್ಟರು ನೋಡಿ ಇದೊಂದನ್ನು ತೆಗೆದುಬಿಡೋಣ ಎನ್ನುವಷ್ಟು ಸಾಕಿತ್ತು. ಅದೂ ಅವಳ ಹುಟ್ಟುಹಬ್ಬದೊಳಗೆ ಬರಬೇಕು. ಆಮೇಲೆ ಬಂದು ಪ್ರಯೋಜನವಿರಲಿಲ್ಲ.

ವಿಷಯ ಇಷ್ಟೇ. ನನ್ನ ಕಂಪನಿಯ ಇನ್ಶೂರೆನ್ಸಿನಲ್ಲಿ ಮಕ್ಕಳ ಹಲ್ಲು, ಕಣ್ಣು ಎರಡಕ್ಕೂ ಖರ್ಚು ಸಿಗುತ್ತದೆ, ಆದರೆ ಅವರಿಗೆ ಇಪ್ಪತ್ತೈದು ತುಂಬುವವರೆಗೆ ಮಾತ್ರ. ತುಂಬಿದ ಬೆಳಿಗ್ಗೆಯಿಂದ ಅವರು ನಮ್ಮ ಅವಲಂಬಿತರಲ್ಲ. ನನ್ನ ಮಗಳು ಚಿನ್ಮಯಿ ಸರಿಯಾಗಿ ಆ ಹೊಸ್ತಿಲ ಮೇಲೆ ನಿಂತಿದ್ದಳು. ಇಲ್ಲೇ ಸಿಂಗಾಪುರದ ಆಂಗ್ ಮೋ ಕಿಯೋದಲ್ಲಿ ಅವಳು ಕೆಲಸ ಮಾಡುವ ಪುಟ್ಟ ಕಂಪನಿಯವರೂ ಇನ್ಶೂರೆನ್ಸ್ ಕೊಟ್ಟಿದ್ದಾರೆ. ಆದರೆ ಅವರ ಲೆಕ್ಕದಲ್ಲಿ ಹಲ್ಲು ಮತ್ತು ಕಣ್ಣು ಮನುಷ್ಯನ ದೇಹಕ್ಕೆ ಸೇರಿದ ಭಾಗಗಳಲ್ಲ.

ನನ್ನನ್ನು ಕಾಡಿದ್ದು ಖರ್ಚಿನ ಮಾತಲ್ಲ. ಅವಳು ಪ್ರೈಮರಿ ಶಾಲೆಯಲ್ಲಿದ್ದಾಗಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹುಟ್ಟುಹಬ್ಬದ ಹಿಂದಿನ ಶನಿವಾರ ನಾವಿಬ್ಬರೇ, ಅಪ್ಪ ಮಗಳು, ಜುರಾಂಗ್ ಈಸ್ಟಿಗೆ ಹೊರಡುವುದು. ಮೊದಲು ಹಲ್ಲಿನ ಕ್ಲಿನಿಕ್, ಆಮೇಲೆ ಕನ್ನಡಕದ ಅಂಗಡಿ, ಕೊನೆಗೆ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಐಸ್ ಕಚಾಂಗ್. ಆಗಷ್ಟೇ ಹಲ್ಲು ಕ್ಲೀನ್ ಮಾಡಿಸಿಕೊಂಡ ಬಾಯಿಗೆ ಯಾವ ಬುದ್ಧಿವಂತನೂ ಬಣ್ಣದ ಸಿರಪ್ ಸುರಿದ ಮಂಜಿನ ಪುಡಿ ಹಾಕುವುದಿಲ್ಲ. ನಾವು ಹಾಕಿಕೊಂಡು, ಇಬ್ಬರೂ ಒಟ್ಟಿಗೆ ಮುಖ ಕಿವುಚಿ ನಗುತ್ತಿದ್ದೆವು. ಡಾಕ್ಟರ ಕುರ್ಚಿಗೆ ಹೋಗುವಾಗ ಅವಳು ತನ್ನ ದಪ್ಪ ಗಾಜಿನ ಕನ್ನಡಕವನ್ನು ತೆಗೆದು ನನ್ನ ಕೈಗೆ ಕೊಡುತ್ತಿದ್ದಳು. ಅದಿಲ್ಲದ ಅವಳಿಗೆ ನಾನು ಬರೀ ಒಂದು ಮಸುಕು. ಆದರೂ ಆ ಮಸುಕಿನ ಕಡೆ ನೋಡಿ ಕೈಬೀಸಿ ಒಳಗೆ ಹೋಗುತ್ತಿದ್ದಳು. ಈಗ ಅವಳು ಆಫೀಸಿನ ಹತ್ತಿರವೇ ಗೆಳತಿಯೊಂದಿಗೆ ರೂಮು ಮಾಡಿಕೊಂಡಿದ್ದಾಳೆ. ನಮ್ಮ ಮನೆಯಿಂದ ಅಲ್ಲಿಗೆ ಮಧ್ಯೆ ಟ್ರೇನು ಬದಲಿಸುವ ತಾಪತ್ರಯವೂ ಇಲ್ಲ. ಆದರೆ ಬೆಳೆದ ಮಗಳ ಬಾಗಿಲನ್ನು ಕಾರಣವಿಲ್ಲದೆ ತಟ್ಟುವುದು ಹೇಗೆ? ವರ್ಷಕ್ಕೊಂದು ಕಾರಣವನ್ನು ನನ್ನ ಇನ್ಶೂರೆನ್ಸ್ ಕೊಡುತ್ತಿತ್ತು.

ಹಲ್ಲಿನ ವಿಷಯದಲ್ಲಿ ನನಗೂ ಅವಳಿಗೂ ಹಳೆಯ ನಂಟು. ಅವಳ ಮೊದಲ ಹಾಲುಹಲ್ಲು ಬಿದ್ದಾಗ, ಅದನ್ನು ಸಗಣಿಯಲ್ಲಿ ಸುತ್ತಿ ಮನೆಯ ಸೂರಿನ ಮೇಲೆ ಎಸೆಯಲೇಬೇಕು, ಇಲ್ಲದಿದ್ದರೆ ಹೊಸ ಹಲ್ಲು ನೆಟ್ಟಗೆ ಬರುವುದಿಲ್ಲ ಎಂದು ಮೈಸೂರಿನಿಂದ ನನ್ನ ತಾಯಿ ಫೋನಿನಲ್ಲಿ ಅಪ್ಪಣೆ ಮಾಡಿದರು. ಸಿಂಗಾಪುರದಲ್ಲಿ ಸಗಣಿಗೆ ಎಲ್ಲಿಗೆ ಹೋಗಲಿ? ಹದಿಮೂರನೇ ಮಹಡಿಯ ಫ್ಲ್ಯಾಟಿಗೆ ಸೂರೆಲ್ಲಿಂದ ತರಲಿ? ಕಿಟಕಿಯಿಂದ ಏನಾದರೂ ಎಸೆದರೆ ಪೊಲೀಸರೇ ಮನೆಗೆ ಬರುತ್ತಾರೆ. ಕೊನೆಗೆ ತುಳಸಿ ಕುಂಡದ ಒದ್ದೆ ಮಣ್ಣಿನಲ್ಲಿ ಹಲ್ಲನ್ನು ಉಂಡೆ ಕಟ್ಟಿ, ಮಗಳ ಕೈಹಿಡಿದು ಕೆಳಗಿಳಿದು, ಬ್ಲಾಕಿನ ಬುಡದ ಖಾಲಿ ಅಂಗಳ, ಅಂದರೆ ವಾಯ್ಡ್ ಡೆಕ್‌ನಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯ ಚಪ್ಪರದ ಮೇಲೆ ಎಸೆದೆ. ಉಂಡೆ ಉರುಳಿ ನನ್ನ ತಲೆಯ ಮೇಲೆಯೇ ಬಿತ್ತು. ಮತ್ತೆ ಎಸೆಯುವಷ್ಟರಲ್ಲಿ ಪಕ್ಕದ ಬ್ಲಾಕಿನ ಚೀನೀ ಅಂಕಲ್ ಓಡಿ ಬಂದು, "ಬರ್ಡ್ ಫೀಡಿಂಗ್ ಆ? ಕೆನಾಟ್ ಲಾ!" ಎಂದು ಗದರಿದರು. ಇಲ್ಲಿ ಪಾರಿವಾಳಕ್ಕೆ ಕಾಳು ಹಾಕುವುದೂ ಅಪರಾಧ. ಇದು ಕಾಳಲ್ಲ, ಹಲ್ಲು ಎಂದೆ. ಅವರು ಇನ್ನೂ ಗಾಬರಿಯಾದರು.

ಇರಲಿ. ಕೊನೆಯ ಶನಿವಾರ ಬಂತು. ನಾನು ಸೆಲೆಟಾರಿನಲ್ಲಿ ವಿಮಾನ ರಿಪೇರಿಯ ಕೆಲಸದವನು. ನಮ್ಮಲ್ಲಿ ಭಾಗ ಕೆಟ್ಟ ಮೇಲೆ ಬಿಚ್ಚುವುದಲ್ಲ, ಗಡುವು ಬಂತೋ ಬಿಚ್ಚಿದೆವು, ಅದು ಎಷ್ಟೇ ಚೆನ್ನಾಗಿರಲಿ. ಅದೇ ನ್ಯಾಯದಲ್ಲಿ ಮಗಳ ಬಾಯಿಯ ಕೊನೆಯ ದವಡೆಹಲ್ಲೊಂದನ್ನು ತೆಗೆಸಿಬಿಟ್ಟರೆ ಹೊಲಿಗೆ ಬಿಚ್ಚಲು ಇನ್ನೊಂದು ಸಲ, ಗಾಯ ಮಾಗಿದ್ದು ನೋಡಲು ಮತ್ತೊಂದು ಸಲ ಬರಬೇಕಾಗುತ್ತದೆಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಡಾಕ್ಟರಮ್ಮ ಅವಳ ಬಾಯೆಲ್ಲ ನೋಡಿ, ಇಷ್ಟು ಚೆಂದದ ಹಲ್ಲುಗಳನ್ನು ನೋಡಿ ಬಹಳ ದಿನವಾಯಿತು ಎಂದು ನನ್ನನ್ನು ಅಭಿನಂದಿಸಿದರು. ನನಗೆ ಅಳು ಬರುವಂತಾಯಿತು. ಒಂದಾದರೂ ಹುಳುಕು? ಇಲ್ಲ. ಮುನ್ನೆಚ್ಚರಿಕೆಗೆಂದು ಒಂದನ್ನು ತೆಗೆದರೆ ಹೇಗೆ ಎಂದು ಕೇಳಿಯೇ ಬಿಟ್ಟೆ.

"ಅಪ್ಪಾ, ನಾನೇನು ಏರೋಪ್ಲೇನಾ? ಸುಮ್ನಿರು ಲಾ," ಎಂದಳು ಮಗಳು.

ಕನ್ನಡಕದ ಅಂಗಡಿಯಲ್ಲೂ ಅದೇ ಕಥೆ. ಪವರ್ ಒಂದಿಷ್ಟೂ ಬದಲಾಗಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದರು ಹಿರಿಯರು. ಹಲ್ಲೂ ಕಡಲೆಯೂ ಎರಡೂ ಇದ್ದು ಅಳುವವನ ಬಗ್ಗೆ ಅವರು ಏನೂ ಹೇಳಿಹೋಗಿಲ್ಲ. ಐಸ್ ಕಚಾಂಗ್ ತಿನ್ನುತ್ತಾ, ಮುಂದಿನ ವರ್ಷ ಹೇಗಮ್ಮಾ ಎಂದೆ. "ಇನ್ಮೇಲೆ ನಿಂಗೆ ಕಷ್ಟ ಇಲ್ಲಪ್ಪಾ. ನಮ್ಮ ಆಫೀಸ್ ಹತ್ರನೇ ಕ್ಲಿನಿಕ್ ಇದೆ, ನಾನೇ ಬುಕ್ ಮಾಡ್ಕೊಂಡು ಹೋಗ್ಬರ್ತೀನಿ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅಷ್ಟು ವರ್ಷ ನಾನು ಹಬ್ಬದಂತೆ ಕಾಯುತ್ತಿದ್ದದ್ದಕ್ಕೆ ಅವಳು ಕಷ್ಟ ಎಂದು ಹೆಸರಿಟ್ಟಿದ್ದಳು. ಮನೆಗೆ ಬಂದವನು ಊಟ ಬೇಡವೆಂದು ಮಲಗಿದೆ. ಹಲ್ಲು ಸರಿಯಿದೆ ಅಂದ್ರೆ ಹೊಟ್ಟೆಗೇನಾಯ್ತು ಎಂದು ನನ್ನ ಹೆಂಡತಿ ಉಷಾ ಕೇಳಿದಳು.

ದೇವರು ಕಿವುಡನಲ್ಲ, ವಿಳಾಸ ತಪ್ಪುತ್ತಾನೆ ಅಷ್ಟೆ. ಕೆಲವು ತಿಂಗಳ ಮೇಲೆ ಕೋಡುಬಳೆ ಕಡಿಯುವಾಗ ನನ್ನ ದವಡೆಹಲ್ಲು ಸೀಳಿಹೋಯಿತು. ತೆಗೆಯಲೇಬೇಕೆಂದರು ಡಾಕ್ಟರಮ್ಮ. ಮಗಳಿಗೆ ಹೇಳಬೇಡ, ಪಾಪ ಅವಳಿಗೆ ಕೆಲಸವಿರುತ್ತದೆ ಎಂದು ಉಷಾಳಿಗೆ ಖಡಾಖಂಡಿತವಾಗಿ ಹೇಳಿ ಕ್ಲಿನಿಕ್ಕಿಗೆ ಹೋದರೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಚಿನ್ಮಯಿ ಕೂತಿದ್ದಳು. "ಕನ್ನಡಕ ಕೊಡು ಇಲ್ಲಿ," ಎಂದು ಕೈಚಾಚಿದಳು. ಕೊಟ್ಟೆ. ಅವಳು ಮಸುಕಾದಳು. ಆ ಮಸುಕಿನ ಕಡೆ ಕೈಬೀಸಿ ಒಳಗೆ ಹೋದೆ.

ಹೊರಬಂದಾಗ ಬಾಯಿತುಂಬ ಹತ್ತಿ, ಅರ್ಧ ಮುಖ ಮರಗಟ್ಟಿತ್ತು. ಅವಳಿಗೆ ಹೇಳಬೇಕೆಂದು ತಿಂಗಳುಗಟ್ಟಲೆ ಕೂಡಿಟ್ಟ ಮಾತುಗಳಲ್ಲಿ ಒಂದೂ ಆಚೆ ಬರುವಂತಿರಲಿಲ್ಲ. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಆಫೀಸಿನ ಜಗಳ, ರೂಮಿನ ಗೆಳತಿಯ ಗೊರಕೆ, ರಾತ್ರಿ ಅನ್ನಕ್ಕೆ ಬೇಳೆಸಾರು ಮಾಡಿಕೊಂಡು ಒಬ್ಬಳೇ ತಿನ್ನುವಾಗ ಮನೆ ನೆನಪಾಗುವುದು, ಎಲ್ಲ ಹೇಳಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಹುಬ್ಬಿನಲ್ಲೇ ಕೇಳಿದೆ. "ನೀನು ಇವತ್ತೇ ಅಪ್ಪಾ ಮಧ್ಯ ಬಾಯಿ ಹಾಕ್ದೆ ಕೇಳಿದ್ದು," ಎಂದಳು. ಹತ್ತಿಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಂಡೆ.

ನಮ್ಮ ಬ್ಲಾಕಿನ ಕೆಳಗೆ ಬಂದಾಗ ಅವಳು ಬ್ಯಾಗಿನಿಂದ ಪುಟ್ಟ ಪೊಟ್ಟಣ ತೆಗೆದಳು. ಡಾಕ್ಟರಮ್ಮನನ್ನು ಕೇಳಿ ನನ್ನ ಹಲ್ಲನ್ನು ಇಸಿದುಕೊಂಡಿದ್ದಳು. ಗಿಡದ ಬುಡದ ಒದ್ದೆ ಮಣ್ಣು ಮೆತ್ತಿ, ಆ ಕಡೆ ಈ ಕಡೆ ನೋಡಿ, ಚಪ್ಪರದ ಮೇಲೆ ಎಸೆದಳು. ಒಂದೇ ಏಟಿಗೆ ಮೇಲೆ ನಿಂತಿತು. "ನಮ್ಮಪ್ಪಂಗೆ ಹೊಸಾ ಹಲ್ಲು ಬರ್ಲಿ," ಎಂದಳು. ಮರಗಟ್ಟಿದ ಅರ್ಧ ಮುಖ ಬಿಟ್ಟು ಉಳಿದರ್ಧದಲ್ಲಿ ನಕ್ಕೆ. ಕಣ್ಣು ಮಾತ್ರ ಎರಡೂ ಒದ್ದೆಯಾಗಿದ್ದವು.

ಹೊಸ ಹಲ್ಲು ಬರುವ ವಯಸ್ಸು ನನ್ನದಲ್ಲ, ಅದು ನನಗೂ ಗೊತ್ತು. ಆದರೆ ನಾನು ನಿವೃತ್ತನಾಗುವವರೆಗೆ ನನ್ನ ಹಲ್ಲಿಗೆ ಇನ್ಶೂರೆನ್ಸ್ ಇದೆ, ಉಷಾ ಡಬ್ಬಿತುಂಬ ಕೋಡುಬಳೆ ಮಾಡಿಟ್ಟಿದ್ದಾಳೆ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಬಾಯಿ ತೆರೆದು ಒಂದೊಂದೇ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತೇನೆ. ಎಲ್ಲವೂ ಗಟ್ಟಿಯಾಗಿವೆ, ಹಾಳಾದವು.