ಏಳು ಕಲ್ಲಿನ ಕೆಳಗಿನ ಗಡ್ಡೆ

"ಅತ್ತಿ ಬಾಯಿಲೆ 'ಇನ್ನೊಂದೀಟ ಹಾಕವಾ' ಅನಸಲಿಲ್ಲಂದ್ರ ನಾ ಉಪ್ಪಿನಬೆಟಗೇರಿ ಮಗಳಽ ಅಲ್ಲ!"

ಹುಬ್ಬಳ್ಳಿಯ ಆ ಅಡಿಗೆಮನೆಯಲ್ಲಿ, ಕೂಸನ್ನು ಸೊಂಟಕ್ಕೇರಿಸಿಕೊಂಡು, ಸೌಟನ್ನು ಖಡ್ಗದಂತೆ ಎತ್ತಿ ರೇಣವ್ವ ಮಾಡಿದ ಪ್ರತಿಜ್ಞೆ ಇದು. ಕೇಳಲು ಇದ್ದವನು ಗಂಡ ಉಳವಪ್ಪನೊಬ್ಬನೇ. ಅವನಿಗೋ ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೂಗುವುದರೊಳಗೆ ರೊಟ್ಟಿ ಮುಗಿಸುವ ಅವಸರ. "ಅನಸು, ಅನಸು," ಎಂದು ಎದ್ದುಹೋದ.

ಇಷ್ಟಕ್ಕೆಲ್ಲ ಕಾರಣ ಕಾಡುಗಡ್ಡೆ! ಮಳೆ ಬಿದ್ದೊಡನೆ ಬೀಳುಭೂಮಿಯಲ್ಲಿ ತಾನೇ ಏಳುವ, ಬುಡಕ್ಕೊಂದು ಗೊಂಚಲು ಬಿಡುವ, ಸಣ್ಣ ಉಳ್ಳಾಗಡ್ಡಿಯಂಥ ಬಿಳಿಗಡ್ಡೆ. ತವರಿನಲ್ಲಿ ಹುಣಸೆಹುಳಿ ಹಾಕಿ ಕುದಿಸಿ ಪಲ್ಯ ಮಾಡುತ್ತಿದ್ದರು. ಅದೇ ಗಿಡ, ಒಂದಲ್ಲ ಏಳು, ಮನೆಯ ಹಿಂದಿನ ಬಯಲಿನ ಬೇವಿನಡಿ ಕಂಡಾಗ ರೇಣವ್ವ ಕುಣಿದಾಡಿದ್ದಳು. ಅತ್ತೆ ಫಕೀರವ್ವ ಮೂಗು ಮುರಿದಿದ್ದಳು.

"ನಮ್ಮ ಹುಬ್ಬಳ್ಳ್ಯಾಗ ಮಂದಿ ಕಾಯಿಪಲ್ಲೆ ತಿಂತಾರವಾ. ನೆಲಾ ಕೆದರಿ ತಿನ್ನೂವು ಹಂದಿ!"

ಹಂದಿ! ತವರಿನ ಇಡೀ ಮಾನ ಈಗ ಏಳು ಗಿಡಗಳ ಬುಡಕ್ಕೆ ಬಂದು ನಿಂತಿತು.

ಎಲೆ ಒಣಗಿದ ಮೇಲೆಯೇ ಗಡ್ಡೆ ಬಲಿಯುವುದು. ಆದರೆ ಎಲೆ ಹೋದರೆ ಜಾಗ ತಿಳಿಯುವುದು ಹೇಗೆ? ರೇಣವ್ವ ಒಂದೊಂದು ಬುಡಕ್ಕೂ ಒಂದೊಂದು ಕಲ್ಲಿಟ್ಟಳು. ಹುಲ್ಲಿನಲ್ಲಿ ಎದ್ದು ಕಾಣಲೆಂದು ಕೆಮ್ಮಣ್ಣು ಬಳಿದಳು. ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡು, ಕೂಸಿನ ಜವಳಕ್ಕೆ ತವರಿಗೆ ಹೋದಳು.

ದೀಪಾವಳಿ ಮುಗಿಸಿ ಬಂದವಳು ಗುದ್ದಲಿ ಹಿಡಿದು ಬಯಲಿಗೆ ಧಾವಿಸಿದರೆ, ನೆಲ ಸಾರಿಸಿದೆ! ಕಲ್ಲುಗಳಿಗೆ ಅರಿಷಿಣ, ಕುಂಕುಮ, ಚೆಂಡುಹೂವು! ನೆರೆಮನೆಯ ದುರಗವ್ವ ಕೊಡದಿಂದ ನೀರೆರೆಯುತ್ತಿದ್ದಾಳೆ!

"ಇದೇನಬೇ ದುರಗವ್ವಾ?"

"ಏಳು ಮಂದಿ ಅಕ್ಕತಂಗೇರು ಮೂಡ್ಯಾರವಾ! ತಾವಽ ಮೂಡ್ಯಾರ!"

"ಮೂಡಿಲ್ಲಬೇ, ನಾನಽ ಇಟ್ಟೇನಿ!"

"ಇಟ್ಟಾಕಿ ನೀ ಖರೇ. ಇಡಿಸಿದಾಕಿ ಯಾರು?" ದುರಗವ್ವನ ಕಣ್ಣು ಗುದ್ದಲಿಯ ಮೇಲೆ ಬಿತ್ತು. "ಗುದ್ದಲಿ ಯಾಕ ತಂದೀ?"

"ಕ... ಕಟ್ಟಿ ಕಟ್ಟಾಕ!"

ಅಂದ ತಪ್ಪಿಗೆ ಹೊತ್ತಿಳಿಯುವವರೆಗೆ ಮಣ್ಣು ಕಲೆಸಿ ಕಲ್ಲುಗಳ ಸುತ್ತ ಕಟ್ಟೆ ಕಟ್ಟಿದಳು. ತನ್ನ ಗಡ್ಡೆಗೆ ತಾನೇ ಕೋಟೆ! ಅತ್ತೆಯಂತೂ ಮೊಮ್ಮಗನನ್ನೆತ್ತಿಕೊಂಡು ದಿನಾ ಐದು ಸುತ್ತು ಬರುತ್ತಿದ್ದಳು.

ಆದರೂ ರೇಣವ್ವ ಛಲ ಬಿಡುವವಳೇ? ಓಣಿಯ ಹೆಂಗಸರು ದಿನಾ ಎರೆದ ನೀರಿಗೆ ಗಡ್ಡೆಗಳು ಉಬ್ಬಿ, ಒಂದು ದಿನ ನೆಲ ಬಿರಿದು ಬೆಳ್ಳಗೆ ಇಣುಕಿದವು. ಎಲ್ಲರೂ ಬಾಯಿ ತೆರೆದು ನಿಂತಾಗ ರೇಣವ್ವ ಕೈಮುಗಿದು ಕೂಗಿದಳು: "ಪ್ರಸಾದ! ತಾಯಂದ್ರು ಪ್ರಸಾದ ಕೊಟ್ಟಾರ! ಪಲ್ಯ ಮಾಡಿ ತಿನ್ನಬೇಕು!" ಯಾರಾದರೂ ಬೇಡ ಅನ್ನುವುದರೊಳಗೆ ಬುಟ್ಟಿ ತುಂಬಿತ್ತು.

ಹುಳಿ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬಡಿಸಿದಳು. ಫಕೀರವ್ವ ಕಣ್ಣಿಗೊತ್ತಿಕೊಂಡು ತಿಂದಳು. ಮತ್ತೆ ತಿಂದಳು. ರೊಟ್ಟಿಯ ಚೂರಿನಿಂದ ತಾಟು ಒರೆಸಿದಳು.

"ಇನ್ನೊಂದೀಟ ಹಾಕವಾ."

ಗೆದ್ದಳು! ರೇಣವ್ವನಿಗೆ ತಡೆದುಕೊಳ್ಳಲಾಗಲಿಲ್ಲ. "ಅತ್ತೀ, ಇದು ನಮ್ಮ ತವರಿನ ಕಾಡುಗಡ್ಡಿನಽ ರೀ! ನೀವು ಬ್ಯಾಡಂದದ್ದು!"

ಫಕೀರವ್ವ ಸೊಸೆಯನ್ನು ಕರುಣೆಯಿಂದ ನೋಡಿದಳು.

"ಹುಚ್ಚೀ! ಅಕ್ಕತಂಗೇರ ಗಡ್ಡಿ ಎಲ್ಲಿ, ನಿಮ್ಮೂರ ಗಡ್ಡಿ ಎಲ್ಲಿ! ಬುಟ್ಟ್ಯಾಗ ಉಳದಾವಲ್ಲ, ನಾಕು ನಿಮ್ಮ ತವರಿಗೆ ಕಳಸು. ಪಾಪ, ಅವರೂ ಒಮ್ಮೆ ಛಲೋ ಗಡ್ಡಿ ತಿಂದು ನೋಡ್ಲಿ!"