ಕಾಲಿಂಚಿನ ವಾದ

ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ, ಅಣ್ಣನ ಜೀಪು ಕೈಬಿಟ್ಟು ಹೋದದ್ದು ಮೆಕ್ಯಾನಿಕ್ ಮುನಿಯಪ್ಪನವರ ತಪ್ಪಿನಿಂದ ಎಂದೇ ಹೇಳುತ್ತಾರೆ. "ಅಳತೇನೂ ನೋಡ್ದೆ ಕೇಬಲ್ ಹಾಕ್ಬಿಟ್ಟ ಕಣ್ರೀ" ಎಂದು ಕೆಳಗಿನ ಮನೆಯ ನಾಗರತ್ನಮ್ಮನವರು ಹಾಲಿನ ಬೂತಿನಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಒಂದೇ ಮಾತನ್ನು ಹತ್ತು ಜನ ಹೇಳಿದರೆ ಅದು ಹತ್ತು ಸಾಕ್ಷಿಯಾಗುವುದಿಲ್ಲ, ಒಂದೇ ಸಾಕ್ಷಿಯ ಹತ್ತು ಪ್ರತಿಯಾಗುತ್ತದೆ. ಇದು ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹೇಳಿ ಬಹುಮಾನ ಹೊಡೆದ ಮಾತು. ಬಹುಮಾನವೆಂದರೆ ಹೆಚ್ಚಾಗಿ ಸ್ಟೀಲ್ ಲೋಟಗಳು. ನಮ್ಮ ಮನೆಗೆ ಬಂದವರು ಇವತ್ತಿಗೂ ಕಾಫಿ ಕುಡಿಯುವುದು ನಾನು ಗೆದ್ದ ವಾದಗಳಲ್ಲೇ. ಆದ್ದರಿಂದ ಮುನಿಯಪ್ಪನವರ ಪರವಾಗಿ ನಾಲ್ಕು ಮಾತು ಆಡುವ ಅರ್ಹತೆ ನನಗಿದೆ. ತೊಂದರೆ ಏನೆಂದರೆ, ಅವರ ಪರವಾಗಿ ಹೇಳಬೇಕಾದದ್ದೆಲ್ಲ ನನ್ನ ವಿರುದ್ಧವಾಗಿದೆ.

ಅಣ್ಣ ಬ್ಯಾಂಕಿನಲ್ಲಿ ಗುಮಾಸ್ತ. ವಾರವಿಡೀ ಬಗ್ಗಿಸಿದ ತಲೆ ಎತ್ತದವನು, ಭಾನುವಾರ ಬಂತೆಂದರೆ ಊರಾಚೆಯ ಬಂಡೆಗಳ ಮೇಲೆ ಜೀಪು ಹತ್ತಿಸಲು ಹೊರಡುತ್ತಿದ್ದ. ಅವನ ಬದುಕಿನಲ್ಲಿ ಬೇರೆ ಚಟವಿರಲಿಲ್ಲ, ಬೇರೆ ಗೆಳೆಯರೂ ಇರಲಿಲ್ಲ. ಹಳೆಯ ಜೀಪೊಂದನ್ನು ಕೊಂಡು, ಹೊಟ್ಟೆ ಕಲ್ಲಿಗೆ ತಾಗದಿರಲೆಂದು ನಾಲ್ಕು ಇಂಚು ಎತ್ತರ ಮಾಡಿಸಿ, ದಪ್ಪ ಟೈರು ಹಾಕಿಸಿದ್ದ. ಅಮ್ಮ ಅದನ್ನು ಹತ್ತಬೇಕಾದರೆ ಬಚ್ಚಲಮನೆಯ ಮಣೆ ತಂದಿಡಬೇಕಾಗುತ್ತಿತ್ತು. ಕೂತ ಮೇಲೆ, "ಅಯ್ಯೋ, ಎಲ್ಲರ ಮನೆ ಕಾಂಪೌಂಡ್ ಒಳಗೂ ಕಾಣ್ಸತ್ತಲ್ಲೋ" ಎಂದು ಸಂಕೋಚಪಡುತ್ತಲೇ ಎಲ್ಲರ ಕಾಂಪೌಂಡಿನೊಳಗೂ ನೋಡುತ್ತಿದ್ದಳು.

ಆ ಜೀಪಿನ ಹ್ಯಾಂಡ್ ಬ್ರೇಕ್ ಕೇಬಲ್ ಒಂದು ದಿನ ತುಕ್ಕು ಹಿಡಿದು ತುಂಡಾಯಿತು. ನಮ್ಮದು ಬಸವನಗುಡಿಯ ಇಳಿಜಾರು ಬೀದಿ. ಮಿಕ್ಸಿ ಬಂದಂದಿನಿಂದ ಹಿತ್ತಲಲ್ಲಿ ಕೆಲಸವಿಲ್ಲದೆ ಕೂತಿದ್ದ ರುಬ್ಬುಗುಂಡನ್ನು ಚಕ್ರದಡಿ ಇಟ್ಟು ಹೇಗೋ ಒಂದು ತಿಂಗಳು ನಿಭಾಯಿಸಿದೆವು. ಗುಂಡಗಿರುವ ವಸ್ತು ಉರುಳುತ್ತದೆ ಎಂಬುದು ಮನೆಯಲ್ಲಿದ್ದ ಇಬ್ಬರು ಪದವೀಧರರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಜೀಪು ನಿಧಾನವಾಗಿ ಹಿಂದೆ ಸರಿದು ನಾಗರತ್ನಮ್ಮನವರ ರಂಗೋಲಿಯ ನಡುಮಧ್ಯೆ ನಿಂತಿತು. ನಿವೃತ್ತ ಗಣಿತದ ಮೇಷ್ಟ್ರಾದ ಅಪ್ಪ ಅಣ್ಣನನ್ನು ಕರೆದು, "ಭಾನುವಾರ ನಾನೇ ಪರೀಕ್ಷೆ ಮಾಡ್ತೀನಿ. ಇಟ್ಟ ಕಡೆ ನಿಂತರೆ ಇಟ್ಕೋ, ಇಲ್ದಿದ್ರೆ ಮಾರು. ತರಗುಪೇಟೆ ಬೇಳೆ ಮಂಡಿಯವರು ಕೇಳ್ತಿದಾರೆ" ಎಂದರು. ಅಣ್ಣ ರಾತ್ರಿ ಊಟಕ್ಕೂ ಏಳಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಜೀಪನ್ನು ಚಾಮರಾಜಪೇಟೆಯ ಮುನಿಯಪ್ಪನವರ ಗ್ಯಾರೇಜಿಗೆ ಬಿಟ್ಟು, ಜೊತೆಯಲ್ಲಿ ನನ್ನನ್ನೂ ಬಿಟ್ಟು, "ನಿಂತು ಮಾಡಿಸ್ಕೊಂಡ್ ಬಾ, ಏನೂ ಮಾತಾಡ್ಬೇಡ" ಎಂದು ಬ್ಯಾಂಕಿಗೆ ಹೋದ. ಎರಡರಲ್ಲಿ ಮೊದಲನೆಯದನ್ನು ನಾನು ಪಾಲಿಸಿದೆ.

ಮುನಿಯಪ್ಪನವರು ಜೀಪಿನ ಕೆಳಗೆ ಹೋಗಿ ಬಂದು, "ಮೇಡಂ, ಕಂಪನಿ ಕೇಬಲ್ ಸಾಲಲ್ಲ. ಗಾಡಿ ಎತ್ತರ ಮಾಡ್ಸಿದೀರ. ಉದ್ದ ಕೇಬಲ್ ಹೇಳಿ ಮಾಡಿಸ್ಬೇಕು, ನಾಕು ದಿನ ಆಗತ್ತೆ" ಎಂದರು.

"ನಾಳೆಗೇ ಬೇಕಲ್ಲ. ಅಲ್ಲ, ಗಾಡಿ ಎತ್ತರ ಆಗಿರೋದು ಮೇಲಕ್ಕೆ. ಕೇಬಲ್ ಹೋಗೋದು ಹಿಂದಕ್ಕೆ. ಇದಕ್ಕೂ ಅದಕ್ಕೂ ಏನು ಸಂಬಂಧ?"

"ಸಂಬಂಧ ಇದೆ ಮೇಡಂ. ಗಾಡಿ ಓಡುವಾಗ..."

ಚರ್ಚೆಯಲ್ಲಿ ಎದುರಾಳಿಗೆ ವಾಕ್ಯ ಮುಗಿಸಲು ಬಿಟ್ಟವರು ಉದ್ಧಾರವಾಗುವುದಿಲ್ಲ. ನಾನು ಸೀಮೆಸುಣ್ಣ ಇಸಿದುಕೊಂಡು ಆಯಿಲು ಬಿದ್ದು ಕಪ್ಪಾಗಿದ್ದ ನೆಲದ ಮೇಲೆ ಲಂಬಕೋನ ತ್ರಿಭುಜವೊಂದನ್ನು ಬರೆದೆ. ಕೇಬಲ್ಲಿನ ಓಟ ಮೂರು ಅಡಿ, ಎತ್ತರ ನಾಲ್ಕು ಇಂಚು. ವರ್ಗ ಮಾಡಿ, ಕೂಡಿಸಿ, ಮೂಲ ತೆಗೆದರೆ ಹೆಚ್ಚಾಗುವ ಉದ್ದ ಕಾಲಿಂಚೂ ಇಲ್ಲ! "ನೋಡಿ, ಕಾಲಿಂಚಿಗೋಸ್ಕರ ನಾಕು ದಿನ ಕಾಯ್ಬೇಕಾ?"

"ಲೆಕ್ಕ ಸರಿ ಇರಬೋದು ಮೇಡಂ, ಆದ್ರೆ ಗಾಡಿ ಓಡುವಾಗ..."

"ಲೆಕ್ಕ ಸರಿ ಅಂತ ಒಪ್ಕೊಂಡ್ರಲ್ಲ, ಅಲ್ಲಿಗೆ ಮುಗೀತು."

ಅವರು ತ್ರಿಭುಜವನ್ನು ನೋಡಿದರು. ನನ್ನನ್ನು ನೋಡಿದರು. ಕೈಯಲ್ಲಿದ್ದ ಬಟ್ಟೆಯಿಂದ ಕತ್ತು ಒರೆಸಿಕೊಂಡು, "ಮೇಡಂ, ಓಡುವಾಗ..." ಎಂದು ಮೂರನೆಯ ಸಲ ಶುರು ಮಾಡಿದವರು ನನ್ನ ಬಾಯಿ ತೆರೆಯುವುದನ್ನು ಕಂಡು, "ಆಯ್ತು ಬಿಡಿ, ನೀವು ಓದಿದೋರು" ಎಂದು ಕಂಪನಿ ಕೇಬಲ್ಲನ್ನೇ ತರಿಸಿದರು. ಎಳೆದು ಎಳೆದು ಹೇಗೋ ಕೂರಿಸಿದರು. ನಾನು ಆ ದಿನ ತೀರ್ಪುಗಾರರಿಲ್ಲದೆ ಗೆದ್ದೆ.

ಮಧ್ಯಾಹ್ನ ಬ್ಯಾಂಕು ಮುಗಿಸಿ ಬಂದ ಅಣ್ಣ, ಜೀಪಿನಲ್ಲಿ ನನ್ನನ್ನು ಕೂರಿಸಿಕೊಂಡು ಮನೆಗೆ ಬರುವಾಗ ಮೂಗರಳಿಸಿ, "ಏನೋ ಸುಟ್ಟ ವಾಸನೆ ಕಣೇ" ಎಂದ. "ಗಾಂಧಿ ಬಜಾರ್ ಹತ್ರ ಬಂದ್ವಲ್ಲ, ಕಾಫಿಬೀಜ ಹುರೀತಿದಾರೆ" ಎಂದೆ. ಅವನು ಒಪ್ಪಿದ. ನಮ್ಮ ಮನೆಯಲ್ಲಿ ನನ್ನ ಮಾತು ಒಪ್ಪುವುದು ಅಷ್ಟರ ಮಟ್ಟಿಗೆ ರೂಢಿಯಾಗಿತ್ತು.

ಭಾನುವಾರ ಪರೀಕ್ಷೆ. ರುಬ್ಬುಗುಂಡನ್ನು ನಾನೇ ಎತ್ತಿಕೊಂಡು ಹೋಗಿ ಹಿತ್ತಲಿಗೆ ಹಾಕಿದೆ. ಅಣ್ಣ ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದ. ಅಪ್ಪ ಪಕ್ಕದಲ್ಲಿ ನಿಂತು ಒಂದರಿಂದ ನೂರರವರೆಗೆ ಎಣಿಸಿದರು. ಜೀಪು ಅಲುಗಲಿಲ್ಲ. ಕೈಯಿಂದ ನೂಕಿದರು. ಅಲುಗಲಿಲ್ಲ. ನಾನು ತ್ರಿಭುಜದ ಕಥೆ ಹೇಳಿದೆ. ಅಪ್ಪ ಮನಸ್ಸಿನಲ್ಲೇ ವರ್ಗಮೂಲ ತೆಗೆದು ತಲೆಯಾಡಿಸಿ, ಸಂತೋಷದಿಂದ ತರಕಾರಿ ಚೀಲ ಹಿಡಿದು ಜೀಪು ಹತ್ತಿದರು. ಅಣ್ಣನ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ನೋಡಿಲ್ಲ.

ತರಕಾರಿ ತಂದು ಹಿಂದಿರುಗುವಾಗ, ಶಾಲೆಯ ಮುಂದೆ ಹೊಸದಾಗಿ ಹಾಕಿದ್ದ ಎತ್ತರದ ಹಂಪನ್ನು ಜೀಪು ಓರೆಯಾಗಿ ದಾಟಿತು. ಕೆಳಗೆಲ್ಲೋ ಟಣ್ ಎಂದಿತು. "ಏನೇ ಅದು?" ಎಂದ ಅಣ್ಣ. "ಕಲ್ಲು" ಎಂದೆ. ಮನೆಯ ಮುಂದೆ ಅವನು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಹೊಸ ಕೇಬಲ್ಲಿನ ಭರವಸೆಯಲ್ಲಿ ಗೇಟು ತೆಗೆಯಲು ಇಳಿದ. ಹಿಂದೆ ನಾನು, ಮುಂದೆ ತೊಡೆಯ ಮೇಲೆ ಸೋರೆಕಾಯಿ ಇಟ್ಟುಕೊಂಡು ಅಪ್ಪ. ಮನೆಯ ಗೇಟು ನಿಧಾನವಾಗಿ ನಮ್ಮಿಂದ ದೂರ ಹೋಗತೊಡಗಿತು. ಮೊದಲು ನನಗೆ ಗೇಟೇ ಹೋಗುತ್ತಿದೆ ಅನ್ನಿಸಿತು. ಅಣ್ಣ ಓಡಿ ಬಂದ. ನಾಗರತ್ನಮ್ಮನವರು ಬಕೆಟ್ ಬಿಟ್ಟು ಒಳಗೆ ಓಡಿದರು. ಅಪ್ಪ ಶಾಲೆಯ ಗುಂಪುಚಿತ್ರಕ್ಕೆ ಕೂತವರಂತೆ ನೆಟ್ಟಗೆ ಕೂತೇ ಇದ್ದರು. ಜೀಪು ನಾಗರತ್ನಮ್ಮನವರ ಗೇಟಿನ ಕಂಬಕ್ಕೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಸೋರೆಕಾಯಿ ಎರಡಾಯಿತು. ಅಪ್ಪ ಇಳಿದು, ಪಂಚೆ ಸರಿ ಮಾಡಿಕೊಂಡು, "ಲೆಕ್ಕ ಸರಿಯಾಗಿದೆ. ಜೀಪು ಮಾರು" ಎಂದರು.

ನಾನು ಮಾಡಿದ್ದು ನಿಂತ ಜೀಪಿನ ಲೆಕ್ಕ. ಓಡುವಾಗ, ಹಂಪು ದಾಟುವಾಗ, ಹಿಂದಿನ ಚಕ್ರ ಕೆಳಕ್ಕೆ ಜೋತುಬೀಳುತ್ತದೆ. ಆಗ ಕೇಬಲ್ಲಿಗೆ ಕಾಲಿಂಚು ಏತಕ್ಕೂ ಸಾಲದು. ಅದು ಬಿಗಿದು, ಬ್ರೇಕನ್ನು ತಾನೇ ಹಿಡಿದು, ಸುಟ್ಟು, ಕೊನೆಗೆ ಕಿತ್ತುಹೋಗುತ್ತದೆ. ಮಂಡಿಯವರು ಮುನಿಯಪ್ಪನವರಿಂದಲೇ ಉದ್ದದ ಕೇಬಲ್ ಹಾಕಿಸಿಕೊಂಡು ಈಗ ಅದರಲ್ಲಿ ತೊಗರಿಬೇಳೆ ಮೂಟೆ ಸಾಗಿಸುತ್ತಿದ್ದಾರೆ. ಅಣ್ಣ ಭಾನುವಾರಗಳಲ್ಲಿ ಪೇಪರ್ ಓದುತ್ತಾನೆ, ಜಾಹೀರಾತುಗಳನ್ನೂ ಬಿಡದೆ. ಮೆಕ್ಯಾನಿಕ್ ಅಳತೆ ತಪ್ಪಿದ ಎಂದು ಬೀದಿಗೆ ಮೊದಲು ಹೇಳಿದವನು ಅವನೇ ಎಂದು ಆಮೇಲೆ ತಿಳಿಯಿತು. ತಂಗಿಯ ಹೆಸರು ಬರಬಾರದೆಂದು ಹೇಳಿದನಂತೆ.

ಅದು ತಿಳಿದ ಮಾರನೆಯ ದಿನವೇ ಕ್ಷಮೆ ಕೇಳಲು ಚಾಮರಾಜಪೇಟೆಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮುನಿಯಪ್ಪನವರು ಒಂದು ವ್ಯಾನಿನ ಕೆಳಗಿದ್ದರು, ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ನಾನು ಹೆಸರು ಹೇಳಿದ ಕೂಡಲೇ ಸ್ಪ್ಯಾನರಿನ ಸದ್ದು ನಿಂತಿತು. ಕ್ಷಮಿಸಿ ಎಂಬ ಮಾತು ಗಂಟಲವರೆಗೆ ಬಂದಿತ್ತು, ದೇವರಾಣೆಗೂ ಬಂದಿತ್ತು. ಆದರೆ ಬಾಯಿ ತೆರೆದಾಗ ಆ ಎರಡು ಕಾಲುಗಳನ್ನು ನಾನು ಕೇಳಿದ್ದು ಇದು:

"ಅಲ್ಲ ಮುನಿಯಪ್ಪನವರೇ, ಸಾಲಲ್ಲ ಅಂತ ನಿಮಗೆ ಗೊತ್ತಿತ್ತಲ್ಲ, ನಾನು ಹೇಳ್ದೆ ಅಂತ ಯಾಕೆ ಹಾಕಿದ್ರಿ?"